ಪ್ರವಾಸಿಯ ಹೊಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರವಾಸದಿಂದ ಪರಿಸರದ ಮೇಲೂ ಸ್ಥಳೀಯರ ಬದುಕಿನ ಮೇಲೂ ಆಗುವ ಪರಿಣಾಮಗಳ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹಲವರು ಒಂದೇ ಸಂದೇಹವನ್ನು ಬೇರೆ ಬೇರೆ ಮಾತುಗಳಲ್ಲಿ ವ್ಯಕ್ತಪಡಿಸಿದ್ದರು. ಅವನ್ನು ಒಟ್ಟುಗೂಡಿಸಿ ಏಳು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಎಲ್ಲಿಗೆ ಹೋದರೂ ಕಸ ಎಸೆಯುವುದಿಲ್ಲ, ಗೋಡೆಗಳ ಮೇಲೆ ಹೆಸರು ಕೆತ್ತುವುದಿಲ್ಲ, ಗಲಾಟೆ ಮಾಡುವುದಿಲ್ಲ. ಹೀಗೆ ಶಿಸ್ತಿನಿಂದ ನಡೆದುಕೊಳ್ಳುವ ಒಬ್ಬ ಪ್ರವಾಸಿಯಿಂದ ಒಂದು ಸ್ಥಳಕ್ಕೆ ಏನು ಹಾನಿಯಾದೀತು?

ಉತ್ತರ: ನಿಮ್ಮ ಶಿಸ್ತನ್ನು ಮೆಚ್ಚಬೇಕಾದದ್ದೇ. ಆದರೆ ಹಾನಿಯೆಲ್ಲ ಅಶಿಸ್ತಿನಿಂದಲೇ ಆಗುತ್ತದೆ ಎಂಬ ನಂಬಿಕೆಯನ್ನು ಮಾತ್ರ ಒಪ್ಪಲಾಗದು. ಫ್ರಾನ್ಸಿನ ಲಾಸ್ಕೊ ಗುಹೆಯ ಕಥೆಯನ್ನೇ ನೋಡಿ. ಸಾವಿರಾರು ವರ್ಷಗಳ ಹಿಂದೆ ಆದಿಮಾನವರು ಬಿಡಿಸಿದ ಕುದುರೆ, ಎತ್ತು, ಜಿಂಕೆಗಳ ಚಿತ್ರಗಳಿರುವ ಆ ಗುಹೆ 1940ರಲ್ಲಿ ಬೆಳಕಿಗೆ ಬಂದು, 1948ರಲ್ಲಿ ಜನರಿಗೆ ತೆರೆದುಕೊಂಡಿತು. ದಿನಕ್ಕೆ ಸಾವಿರಕ್ಕೂ ಹೆಚ್ಚು ಮಂದಿ ಬರತೊಡಗಿದರು. ಬಂದವರಲ್ಲಿ ಬಹುಪಾಲು ಜನ ಏನನ್ನೂ ಮುಟ್ಟಲಿಲ್ಲ, ಗೀಚಲಿಲ್ಲ. ಅವರು ಮಾಡಿದ್ದು ಉಸಿರಾಡಿದ್ದು ಮಾತ್ರ. ಆ ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್ ಮತ್ತು ಮೈಯ ಶಾಖ, ಜೊತೆಗೆ ದೀಪಗಳ ಬೆಳಕು ಸೇರಿ ಗೋಡೆಗಳ ಮೇಲೆ ಹಸಿರು ಪಾಚಿ ಹಬ್ಬಿತು. 1963ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಬೇಕಾಯಿತು. 1983ರಿಂದ ಜನ ನೋಡುತ್ತಿರುವುದು ಪಕ್ಕದಲ್ಲಿ ಕಟ್ಟಿದ ಪ್ರತಿಕೃತಿಯನ್ನು.

ಇನ್ನೊಂದು ಉದಾಹರಣೆ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ್ದು. ಅಲ್ಲಿನ ಮಾರ್ನಿಂಗ್ ಗ್ಲೋರಿ ಎಂಬ ಬಿಸಿನೀರಿನ ಬುಗ್ಗೆಗೆ ಅದರ ಕಡುನೀಲಿ ಬಣ್ಣದಿಂದಲೇ ಆ ಹೂವಿನ ಹೆಸರು ಬಂದಿತ್ತು. ಶುಭವಾಗಲಿ ಎಂದು ಹರಸಿಕೊಂಡು ಒಬ್ಬೊಬ್ಬರು ಒಂದೊಂದು ನಾಣ್ಯ ಎಸೆದರು. 1950ರಲ್ಲಿ ಸಿಬ್ಬಂದಿ ಬುಗ್ಗೆಯನ್ನು ಉಕ್ಕಿಸಿ ಸ್ವಚ್ಛಗೊಳಿಸಿದಾಗ ರಾಶಿ ನಾಣ್ಯಗಳ ಜೊತೆಗೆ ಕರವಸ್ತ್ರ, ಕಾಲುಚೀಲ, ಬಾಟಲಿಗಳೂ ಹೊರಬಂದವು. ಬಿಸಿನೀರು ಮೇಲೇರುವ ದಾರಿ ಕಟ್ಟಿಕೊಂಡದ್ದರಿಂದ ಕೊಳದ ಶಾಖ ಇಳಿದು, ತಂಪಾದ ಅಂಚಿನಲ್ಲಿ ಬದುಕಬಲ್ಲ ಹಳದಿ, ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ಒಳಕ್ಕೆ ಹರಡಿವೆ. ಹಳೆಯ ನೀಲಿ ಈಗ ಪೂರ್ತಿಯಾಗಿ ಉಳಿದಿಲ್ಲ. ನಾಣ್ಯ ಎಸೆದ ಪ್ರತಿಯೊಬ್ಬರೂ "ನನ್ನದು ಒಂದೇ ಅಲ್ಲವೇ" ಎಂದೇ ಭಾವಿಸಿರಬೇಕು.

ಒಬ್ಬೊಬ್ಬರದು ಅಲ್ಪವೇ ಆದರೂ ಸಂಖ್ಯೆ ಬೆಳೆದಂತೆ ಅದು ದೊಡ್ಡದಾಗುತ್ತದೆ. 1950ರಲ್ಲಿ ಇಡೀ ಜಗತ್ತಿನಲ್ಲಿ ದೇಶದ ಗಡಿ ದಾಟಿ ಪ್ರವಾಸ ಹೋದವರ ಸಂಖ್ಯೆ ಸುಮಾರು 2.5 ಕೋಟಿ, 2019ರಲ್ಲಿ ಅದು 146 ಕೋಟಿ. ಸ್ವದೇಶದೊಳಗೇ ತಿರುಗಾಡುವವರು ಈ ಲೆಕ್ಕದಲ್ಲಿಲ್ಲ. ಆದ್ದರಿಂದ ಹೊರಡುವ ಮುನ್ನ "ನಾನು ಏನು ಮಾಡುತ್ತೇನೆ" ಎಂಬುದರ ಜೊತೆಗೆ "ನನ್ನಂತೆಯೇ ಎಷ್ಟು ಜನ, ಅದೇ ದಿನ, ಅದೇ ಜಾಗಕ್ಕೆ ಬರುತ್ತಿದ್ದಾರೆ" ಎಂದೂ ಕೇಳಿಕೊಳ್ಳಿ. ದಟ್ಟಣೆಯ ತಿಂಗಳು ಬಿಟ್ಟು ಬೇರೆ ತಿಂಗಳು ಹೋಗುವುದು, ಎಲ್ಲರೂ ಹೋಗುವ ಒಂದು ಶಿಖರದ ಬದಲು ಪಕ್ಕದ ಕಣಿವೆಯನ್ನು ಆರಿಸಿಕೊಳ್ಳುವುದು, ಇವು ಕಸ ಹಾಕದಿರುವುದಕ್ಕಿಂತ ದೊಡ್ಡ ಉಪಕಾರವಾಗುವ ಸಂದರ್ಭಗಳು ಎಷ್ಟೋ ಇವೆ.

ಪ್ರಶ್ನೆ: ಪ್ರವಾಸಿಗರು ಬರುವುದರಿಂದಲೇ ಎಷ್ಟೋ ಬಡ ಊರುಗಳು ಬದುಕುತ್ತಿವೆ. ಪರಿಸರದ ಹೆಸರಿನಲ್ಲಿ ನಾವು ಹೋಗುವುದನ್ನು ನಿಲ್ಲಿಸಿದರೆ ಮೊದಲು ಹೊಡೆತ ಬೀಳುವುದು ಆ ಜನರ ಹೊಟ್ಟೆಯ ಮೇಲೆಯೇ ಅಲ್ಲವೇ?

ಉತ್ತರ: ನಿಮ್ಮ ಮಾತಿನಲ್ಲಿ ಸತ್ಯವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ರುವಾಂಡ, ಉಗಾಂಡ ಮತ್ತು ಕಾಂಗೋ ದೇಶಗಳ ಗಡಿಯಲ್ಲಿರುವ ವಿರುಂಗಾ ಬೆಟ್ಟಸಾಲಿನಲ್ಲಿ 1980ರ ದಶಕದ ಆರಂಭಕ್ಕೆ ಪರ್ವತ ಗೊರಿಲ್ಲಾಗಳು ಸುಮಾರು 250ಕ್ಕೆ ಇಳಿದಿದ್ದವು. 2018ರಲ್ಲಿ ಪ್ರಕಟವಾದ ಗಣತಿಯಲ್ಲಿ ಅಲ್ಲಿ 604 ಗೊರಿಲ್ಲಾಗಳು ಸಿಕ್ಕವು. ಕಾವಲು, ಪಶುವೈದ್ಯರ ಆರೈಕೆ, ಬೇಟೆಯ ನಿಷೇಧ ಎಲ್ಲವೂ ಇದಕ್ಕೆ ಕಾರಣ. ಆ ಕೆಲಸಗಳಿಗೆ ಹಣ ಬಂದ ಮುಖ್ಯ ದಾರಿಗಳಲ್ಲಿ ಒಂದು ಪ್ರವಾಸಿಗರ ಪರವಾನಗಿ ಶುಲ್ಕ. ರುವಾಂಡದಲ್ಲಿ 2017ರಿಂದ ಅದು ಒಬ್ಬರಿಗೆ 1,500 ಡಾಲರ್. ಒಂದು ಗೊರಿಲ್ಲಾ ಕುಟುಂಬದ ಬಳಿಗೆ ದಿನಕ್ಕೆ ಎಂಟು ಜನರ ಒಂದೇ ತಂಡ, ಒಂದೇ ಗಂಟೆ. ಉದ್ಯಾನಗಳ ಆದಾಯದಲ್ಲಿ ಶೇ. 10ರಷ್ಟು ಸುತ್ತಲಿನ ಹಳ್ಳಿಗಳ ಶಾಲೆ, ನೀರು, ಆರೋಗ್ಯ ಕೇಂದ್ರಗಳಂಥ ಕೆಲಸಗಳಿಗೆ ಹೋಗುತ್ತದೆ. ಕಾಡು ಉಳಿದರೆ ತಮಗೂ ಲಾಭವಿದೆ ಎಂದು ಅಲ್ಲಿನವರಿಗೆ ಅನ್ನಿಸಲು ಕಾರಣ ಈ ಏರ್ಪಾಡು.

ಆದರೆ ಪ್ರವಾಸದ ಹಣ ಎಲ್ಲ ಕಡೆ ಹೀಗೆ ಹಂಚಿಕೆಯಾಗುವುದಿಲ್ಲ. ವಿಮಾನ, ತಂಗುವ ಕೋಣೆ, ಮೂರು ಹೊತ್ತಿನ ಊಟ, ವಾಹನ ಎಲ್ಲವನ್ನೂ ಸೇರಿಸಿ ದೂರದ ನಗರದಲ್ಲೇ ಹಣ ಕಟ್ಟಿಸಿಕೊಳ್ಳುವ ಪ್ಯಾಕೇಜುಗಳಲ್ಲಿ ದೊಡ್ಡ ಪಾಲು ವಿಮಾನ ಕಂಪನಿಗೂ ಹೊರಗಿನ ಹೋಟೆಲ್ ಸಮೂಹಕ್ಕೂ ಹೋಗುತ್ತದೆ. ಪ್ರವಾಸಿ ಹೋಟೆಲಿನ ಆವರಣ ಬಿಟ್ಟು ಹೊರಗೆ ಬರುವ ಅಗತ್ಯವೇ ಬೀಳದಿದ್ದರೆ ಊರಿನವರ ಕೈಗೆ ಸಿಗುವುದು ಒಂದಿಷ್ಟು ಕೂಲಿ. ಅರ್ಥಶಾಸ್ತ್ರದವರು ಇದನ್ನು ಸೋರಿಕೆ ಎನ್ನುತ್ತಾರೆ. ತೂತುಬಿದ್ದ ಕೊಡದಲ್ಲಿ ನೀರು ಸೇದಿದಂತೆ, ಎಷ್ಟು ಹಾಕಿದರೂ ಮೇಲೆ ಬಂದು ತಲುಪುವುದು ಅಲ್ಪವೇ.

ನೀರಿನ ಮಾತು ಬಂದದ್ದರಿಂದ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕು. ಗುಡ್ಡಗಾಡಿನ ಒಂದು ಊರಿನಲ್ಲಿ ತಂಗಿದ್ದೆ. ಕೋಣೆಯ ಸ್ನಾನದ ಮನೆಯಲ್ಲಿ ಹಗಲು ರಾತ್ರಿ ಬಿಸಿನೀರು. ಬೆಳಗ್ಗೆ ಬೇಗ ಎಚ್ಚರವಾಗಿ ಕಿಟಕಿ ತೆರೆದರೆ ಕೆಳಗಿನ ಓಣಿಯ ನಲ್ಲಿಯ ಮುಂದೆ ಬಿಂದಿಗೆಗಳ ಸಾಲು. ಜನ ಎದ್ದು ಬರುವ ಮೊದಲೇ ಬಿಂದಿಗೆಗಳು ಅವರ ಸರದಿ ಹಿಡಿದು ನಿಂತಿದ್ದವು. ನೀರು ಬಂದದ್ದು ಒಂದು ಗಂಟೆಯೂ ಇಲ್ಲ. ಕೊನೆಯಲ್ಲಿ ನಿಂತಿದ್ದ ಒಬ್ಬ ಅಜ್ಜಿ ಅರ್ಧ ತುಂಬಿದ ಬಿಂದಿಗೆಯನ್ನೇ ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಹತ್ತಿ ಹೋದರು. ನನ್ನ ಕೋಣೆಗೂ ಆ ನಲ್ಲಿಗೂ ನೀರು ಬರುತ್ತಿದ್ದದ್ದು ಮೇಲಿನ ಒಂದೇ ಒರತೆಯಿಂದ ಎಂದು ಆಮೇಲೆ ತಿಳಿಯಿತು. ಹಿಂದಿನ ರಾತ್ರಿ ದಣಿವಾರಿಸಿಕೊಳ್ಳಲು ನಾನು ಸುರಿದುಕೊಂಡ ನೀರಿನ ಲೆಕ್ಕ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮನೆಗಳ ವಿಷಯವೂ ಹೀಗೆಯೇ. ವೆನಿಸ್‌ನ ಹಳೆಯ ನಗರದಲ್ಲಿ 1951ರಲ್ಲಿ ಸುಮಾರು 1,75,000 ಜನ ವಾಸಿಸುತ್ತಿದ್ದರು. ಈಗ ಅಲ್ಲಿ 50,000 ಜನರೂ ಇಲ್ಲ. ಇದಕ್ಕೆ ಪ್ರವಾಸವೊಂದೇ ಕಾರಣವಲ್ಲ, ಪ್ರವಾಹದ ಕಾಟವಿದೆ, ಹಳೆಯ ಮನೆಗಳನ್ನು ಕಾಪಾಡಿಕೊಳ್ಳುವ ಖರ್ಚಿದೆ. ಆದರೆ ತಿಂಗಳ ಬಾಡಿಗೆಗೆ ಕೊಡುವುದಕ್ಕಿಂತ ರಾತ್ರಿಯ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡುವುದೇ ಲಾಭ ಎಂದಾದಾಗ ಮೊದಲು ಊರು ಬಿಡಬೇಕಾದವರು ಅಲ್ಲಿಯೇ ದುಡಿಯುವ ಬಾಡಿಗೆದಾರರು. ಇದೇ ಕಾರಣಕ್ಕೆ ಬಾರ್ಸಿಲೋನಾ ನಗರಾಡಳಿತವು ಪ್ರವಾಸಿಗರಿಗೆ ಬಾಡಿಗೆ ಕೊಡುವ 10,101 ಮನೆಗಳ ಪರವಾನಗಿಯನ್ನು 2028ರ ನವೆಂಬರ್ ವೇಳೆಗೆ ಕೊನೆಗೊಳಿಸುವುದಾಗಿ 2024ರಲ್ಲಿ ಘೋಷಿಸಿತು.

ಹಾಗಾಗಿ ನನ್ನ ಉತ್ತರ: ಹೋಗಿ, ಆದರೆ ನಿಮ್ಮ ಹಣ ಯಾರ ಕೈ ಸೇರುತ್ತದೆ ಎಂದು ಕೇಳಿ ಹೋಗಿ. ತಂಗುವ ಮನೆಯ ಮಾಲೀಕರು ಅದೇ ಊರಿನಲ್ಲಿ ಇರುತ್ತಾರೆಯೇ, ಕೆಲಸಗಾರರು ಊರಿನವರೇ, ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೋಣೆ ಕಾದಿರಿಸುವ ಮುನ್ನವೇ ಫೋನಿನಲ್ಲಿ ಕೇಳಬಹುದು. ಕೇಳಿದರೆ ಬೇಸರಿಸಿಕೊಳ್ಳುತ್ತಾರೇನೋ ಎಂಬ ಸಂಕೋಚ ಬೇಡ. ಚೆನ್ನಾಗಿ ನಡೆಸುವವರು ಖುಷಿಯಿಂದಲೇ ಹೇಳುತ್ತಾರೆ. ಒಂದೇ ದಿನದಲ್ಲಿ ಬಂದು ಫೋಟೋ ತೆಗೆದು ಹೋಗುವವರಿಗಿಂತ ಮೂರು ರಾತ್ರಿ ಉಳಿದು, ಪೇಟೆಯಲ್ಲಿ ಊಟ ಮಾಡಿ, ಊರಿನ ಮಾರ್ಗದರ್ಶಿಯನ್ನು ಕರೆದುಕೊಂಡು ತಿರುಗಾಡುವವರಿಂದ ಆ ಊರಿಗೆ ಆಗುವ ಉಪಯೋಗ ಬಹಳ ಹೆಚ್ಚು.

ಪ್ರಶ್ನೆ: ವಿಮಾನ ಪ್ರಯಾಣದಿಂದ ಹವಾಮಾನಕ್ಕೆ ಹಾನಿ ಎನ್ನುತ್ತಾರೆ. ಟಿಕೆಟ್ ಕೊಳ್ಳುವಾಗ ಸ್ವಲ್ಪ ಹೆಚ್ಚು ಹಣ ಕೊಟ್ಟರೆ ಅದಕ್ಕೆ ಸಮನಾಗಿ ಎಲ್ಲಿಯೋ ಮರ ನೆಡುತ್ತೇವೆ ಎಂದು ಕಂಪನಿಗಳು ಹೇಳುತ್ತವೆ. ಹಾಗೆ ಕೊಟ್ಟರೆ ಹೊಣೆ ತೀರಿತೇ?

ಉತ್ತರ: ಇಲ್ಲ. ವಿಮಾನ ಹಾರಿದ ದಿನವೇ ಇಂಗಾಲ ವಾತಾವರಣ ಸೇರುತ್ತದೆ. ನೆಟ್ಟ ಸಸಿ ಅಷ್ಟನ್ನು ಹೀರಿಕೊಳ್ಳಲು ಹಲವು ದಶಕ ಬದುಕಬೇಕು. ಅಷ್ಟರಲ್ಲಿ ಅದು ಒಣಗಬಹುದು, ಸುಟ್ಟುಹೋಗಬಹುದು, ಕಡಿದುಹಾಕಲೂಬಹುದು. ಹಣ ಕೊಡುವುದು ತಪ್ಪಲ್ಲ, ಕೊಟ್ಟೆನಲ್ಲ ಎಂದು ಮತ್ತೊಂದು ಟಿಕೆಟ್ ಕೊಳ್ಳುವುದು ತಪ್ಪು.

ಜಗತ್ತಿನ ಒಟ್ಟು ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 8ರಷ್ಟು ಪ್ರವಾಸದಿಂದ ಬರುತ್ತದೆ ಎಂದು 2018ರಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಲೆಕ್ಕಹಾಕಿದೆ. ಅದರಲ್ಲಿ ಪ್ರಯಾಣದ ಜೊತೆಗೆ ಊಟ, ವಸತಿ, ಕೊಳ್ಳುವ ವಸ್ತುಗಳ ಪಾಲೂ ಸೇರಿದೆ. ಆದರೂ ದೂರದ ಪ್ರವಾಸದಲ್ಲಿ ಒಬ್ಬ ವ್ಯಕ್ತಿಯ ಲೆಕ್ಕವನ್ನು ಏರಿಸುವುದು ಹೆಚ್ಚಾಗಿ ವಿಮಾನವೇ. ಕೋಣೆಯಲ್ಲಿ ಟವೆಲ್ ಒಗೆಸದೆ ಎರಡು ದಿನ ಬಳಸುವುದು ಒಳ್ಳೆಯ ಅಭ್ಯಾಸ, ಆದರೆ ಹತ್ತು ಗಂಟೆ ಹಾರಿ ಬಂದ ಪ್ರವಾಸದ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ವರ್ಷಕ್ಕೆ ನಾಲ್ಕು ಬಾರಿ ಎರಡೆರಡು ದಿನಕ್ಕೆ ಹಾರುವ ಬದಲು ಎರಡು ವರ್ಷಕ್ಕೊಮ್ಮೆ ಹೋಗಿ ಮೂರು ವಾರ ಉಳಿಯುವುದು, ರೈಲು ಇರುವ ಕಡೆ ರೈಲನ್ನೇ ಹಿಡಿಯುವುದು, ಹಾರಲೇಬೇಕಾದರೆ ಹೆಚ್ಚು ಜಾಗ ತಿನ್ನುವ ದುಬಾರಿ ಆಸನದ ಬದಲು ಸಾಮಾನ್ಯ ದರ್ಜೆಯಲ್ಲಿ ಕೂರುವುದು: ಇವುಗಳಿಂದ ಆಗುವ ಉಳಿತಾಯ ನಿಜವಾದದ್ದು. ಬಹಳ ದಿನದಿಂದ ಕಾಣದ ಬಂಧುಗಳನ್ನು ನೋಡಲು ಹಾರುವವರಿಗೂ ವಾರಾಂತ್ಯದ ಮೋಜಿಗೆ ಹಾರುವವರಿಗೂ ಒಂದೇ ಬುದ್ಧಿಮಾತು ಹೇಳುವುದು ಸರಿಯಲ್ಲ ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ.

ಪ್ರಶ್ನೆ: ಪ್ರವಾಸದ ನಡುವೆ ಒಂದು ಅನಾಥಾಲಯಕ್ಕೆ ಹೋಗಿ ಮಕ್ಕಳ ಜೊತೆ ಎರಡು ದಿನ ಕಳೆದು, ಪಾಠ ಹೇಳಿಕೊಟ್ಟು, ಕಾಣಿಕೆ ಕೊಟ್ಟು ಬರುವ ಯೋಚನೆ ಇದೆ. ಇದು ಒಳ್ಳೆಯದಲ್ಲವೇ?

ಉತ್ತರ: ನಿಮ್ಮ ಮನಸ್ಸು ಒಳ್ಳೆಯದು, ಆದರೂ ದಯವಿಟ್ಟು ಹೋಗಬೇಡಿ. ಕಾಂಬೋಡಿಯಾದಲ್ಲಿ 2005 ಮತ್ತು 2010ರ ನಡುವೆ ಅನಾಥಾಲಯಗಳ ಸಂಖ್ಯೆ ಶೇ. 75ರಷ್ಟು ಏರಿತು. ಅದೇ ಅವಧಿಯಲ್ಲಿ ಅಷ್ಟು ಮಕ್ಕಳು ಅನಾಥರಾಗುವಂಥದ್ದು ಏನೂ ನಡೆದಿರಲಿಲ್ಲ, ಹೆಚ್ಚಾಗಿದ್ದದ್ದು ಪ್ರವಾಸಿಗರು. ಅಲ್ಲಿದ್ದ ಮಕ್ಕಳಲ್ಲಿ ಬಹುಪಾಲಿನವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಓದಿಸುತ್ತೇವೆ ಎಂಬ ಮಾತು ನಂಬಿ ಬಡವರು ಮಕ್ಕಳನ್ನು ಒಪ್ಪಿಸಿದ್ದರು. ಮಕ್ಕಳು ಎಷ್ಟು ಬಡಕಲಾಗಿ ಕಂಡರೆ ಅಷ್ಟು ಕಾಣಿಕೆ ಎಂದಾದಾಗ ಅವರನ್ನು ಚೆನ್ನಾಗಿ ನೋಡಿಕೊಳ್ಳುವುದು ನಡೆಸುವವರಿಗೆ ನಷ್ಟದ ಬಾಬತ್ತಾಗುತ್ತದೆ. ಆಸ್ಟ್ರೇಲಿಯಾ 2018ರಲ್ಲಿ ಹೀಗೆ ಅನಾಥಾಲಯಗಳಿಗೆ ಮಕ್ಕಳನ್ನು ಸಾಗಿಸುವುದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು.

ಒಳ್ಳೆಯ ಸಂಸ್ಥೆಗಳೂ ಇಲ್ಲವೆಂದಲ್ಲ. ಆದರೆ ಒಂದು ಮಾತು ಯೋಚಿಸಿ: ನಿಮ್ಮ ಮಗುವಿನ ಶಾಲೆಗೆ ಗುರುತು ಪರಿಚಯವಿಲ್ಲದ ಯಾರೋ ಬಂದು, ಎರಡು ದಿನ ಎತ್ತಿ ಮುದ್ದಾಡಿ, ಫೋಟೋ ತೆಗೆದುಕೊಂಡು ಹೋಗುವುದನ್ನು ನೀವು ಒಪ್ಪುತ್ತೀರಾ? ಒಮ್ಮೆ ತಂದೆತಾಯಿಯಿಂದ ದೂರವಾದ ಮಗು ವಾರಕ್ಕೊಬ್ಬ ಹೊಸಬರನ್ನು ಹಚ್ಚಿಕೊಂಡು ವಾರಕ್ಕೊಮ್ಮೆ ಅವರನ್ನು ಕಳೆದುಕೊಳ್ಳುತ್ತದೆ. ಮಕ್ಕಳು ಮನೆಯಲ್ಲೇ ಉಳಿಯುವಂತೆ ಕುಟುಂಬಗಳಿಗೆ ನೆರವಾಗುವ ಕೆಲಸಕ್ಕೆ ನಿಮ್ಮ ಹಣ ಕೊಡಿ. ಅದನ್ನು ಮನೆಯಲ್ಲಿ ಕುಳಿತೇ ಕೊಡಬಹುದು.

ಪ್ರಶ್ನೆ: ಆನೆ ಸವಾರಿ, ಹುಲಿಮರಿಯ ಜೊತೆ ಫೋಟೋ ಮುಂತಾದವು ತಪ್ಪೇ? ಪ್ರಾಣಿಗಳು ಆರೋಗ್ಯವಾಗಿಯೇ ಕಾಣುತ್ತವೆ.

ಉತ್ತರ: ಕಾಡುಪ್ರಾಣಿಯೊಂದು ಅಪರಿಚಿತರು ಮುಟ್ಟಿದರೂ ಸುಮ್ಮನೆ ನಿಂತಿದೆ ಎಂದರೆ ಅದನ್ನು ಹಾಗೆ ನಿಲ್ಲುವಂತೆ ಮಾಡಲು ಮೊದಲೇ ಏನೋ ನಡೆದಿದೆ ಎಂದು ತಿಳಿಯಿರಿ. ಸವಾರಿಯ ಆನೆಗಳನ್ನು ಹಲವೆಡೆ ಮರಿಯಲ್ಲೇ ತಾಯಿಯಿಂದ ಅಗಲಿಸಿ, ಕಟ್ಟಿಹಾಕಿ, ಹೊಡೆದು ಪಳಗಿಸುತ್ತಾರೆ. ಮುಟ್ಟಲು, ಸವಾರಿ ಮಾಡಲು, ಸ್ನಾನ ಮಾಡಿಸಲು ಬಿಡುವ ಜಾಗ ತನ್ನನ್ನು ಏನೆಂದೇ ಕರೆದುಕೊಳ್ಳಲಿ, ಅದು ಅಭಯಧಾಮವಲ್ಲ. ದೂರದಿಂದ ನೋಡಿ; ನೋಡಲು ಸಿಗದೆ ಹೋದರೆ ಅದೂ ಕಾಡಿನ ಅನುಭವವೇ.

ಪ್ರಶ್ನೆ: ಕೆಲವು ದೇಶಗಳು ಪ್ರವಾಸಿಗರ ಸಂಖ್ಯೆಗೆ ಮಿತಿ ಹಾಕುತ್ತಿವೆ, ಶುಲ್ಕ ಏರಿಸುತ್ತಿವೆ. ಹೀಗಾದರೆ ಪ್ರಪಂಚ ನೋಡುವುದು ಹಣವಂತರ ಹಕ್ಕು ಮಾತ್ರ ಆಗುವುದಿಲ್ಲವೇ?

ಉತ್ತರ: ಈ ಆತಂಕ ನನ್ನದೂ ಹೌದು. ಭೂತಾನ್ ಮೊದಲಿನಿಂದಲೂ ಕಡಿಮೆ ಜನ, ಹೆಚ್ಚು ಆದಾಯ ಎಂಬ ನೀತಿ ಹಿಡಿದಿದೆ. ಕೋವಿಡ್ ನಂತರ 2022ರಲ್ಲಿ ದೇಶ ಮತ್ತೆ ತೆರೆದಾಗ ಬಹುತೇಕ ವಿದೇಶೀಯರಿಗೆ ರಾತ್ರಿಗೆ 200 ಡಾಲರ್ ಶುಲ್ಕ ಇಟ್ಟಿತು, ಜನ ಬರುವುದು ತೀರಾ ಕಡಿಮೆಯಾದಾಗ 2023ರಲ್ಲಿ ಅದನ್ನು 100ಕ್ಕೆ ಇಳಿಸಿತು. ವೆನಿಸ್ 2024ರ ಏಪ್ರಿಲ್‌ನಲ್ಲಿ, ದಟ್ಟಣೆಯ ದಿನಗಳಂದು ಬಂದು ಅಂದೇ ಹಿಂತಿರುಗುವವರಿಗೆ 5 ಯೂರೊ ಶುಲ್ಕ ಶುರುಮಾಡಿತು. ಅಷ್ಟು ದೂರ ಬಂದವರು 5 ಯೂರೊ ನೋಡಿ ಹಿಂದಿರುಗುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಶುಲ್ಕ ಕಡಿಮೆಯಿದ್ದರೆ ಜನ ಕಡಿಮೆಯಾಗುವುದಿಲ್ಲ, ಹೆಚ್ಚಿದ್ದರೆ ಬಡವರಷ್ಟೇ ಹೊರಗುಳಿಯುತ್ತಾರೆ.

ಅದಕ್ಕಿಂತ ನ್ಯಾಯವಾಗಿ ಕಾಣುವುದು ಸಂಖ್ಯೆಗೇ ಮಿತಿ ಹಾಕುವ ಕ್ರಮ. ಥಾಯ್ಲೆಂಡಿನ ಮಾಯಾ ಕೊಲ್ಲಿಗೆ ದಿನಕ್ಕೆ ಐದು ಸಾವಿರದಷ್ಟು ಜನ ಬರುತ್ತಿದ್ದ ಕಾಲವಿತ್ತು. ದೋಣಿಗಳ ಲಂಗರು ಬಿದ್ದು, ಜನರ ಕಾಲು ಸೋಕಿ ಹವಳ ನಾಶವಾಗಿತ್ತು. 2018ರ ಜೂನ್‌ನಲ್ಲಿ ಸರ್ಕಾರ ಅದನ್ನು ಮುಚ್ಚಿ, ಹವಳದ ತುಂಡುಗಳನ್ನು ನೆಟ್ಟು ಬೆಳೆಸಿ, 2022ರ ಜನವರಿಯಲ್ಲಿ ಮತ್ತೆ ತೆರೆಯಿತು. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ. ದ್ವೀಪದ ಹಿಂಬದಿಯಲ್ಲಿ ಇಳಿದು ಹಲಗೆಯ ದಾರಿಯಲ್ಲಿ ನಡೆದು ಬರಬೇಕು. ಒಂದು ಸರದಿಯಲ್ಲಿ ಇಂತಿಷ್ಟೇ ಜನ, ವರ್ಷದಲ್ಲಿ ಕೆಲವು ವಾರ ಪೂರ್ತಿ ರಜೆ. ಮುಚ್ಚಿದ ಕೆಲವೇ ತಿಂಗಳಲ್ಲಿ ರೆಕ್ಕೆಯ ತುದಿ ಕಪ್ಪಗಿರುವ ಶಾರ್ಕ್‌ಗಳು ಆ ತಿಳಿನೀರಿಗೆ ಹಿಂದಿರುಗಿದ್ದವು. ಮುಂಗಡ ಹೆಸರು ಬರೆಸಿ, ಸರದಿ ಬರುವವರೆಗೆ ಕಾಯುವುದರಲ್ಲಿ ಸಿರಿವಂತ, ಬಡವ ಎಂಬ ಭೇದವಿಲ್ಲ. ಈ ಬಾರಿ ಸರದಿ ಸಿಗಲಿಲ್ಲವೆಂದರೆ ಅದನ್ನು ಅನ್ಯಾಯವೆಂದು ಭಾವಿಸಬೇಡಿ, ಮುಂದಿನ ವರ್ಷಕ್ಕೆ ಬರೆಸಿ.

ಪ್ರಶ್ನೆ: ಒಂದು ಜಾಗ ಸ್ಥಳೀಯರಿಗೆ ಪವಿತ್ರ, ಆದರೆ ಕಾನೂನು ಪ್ರವೇಶಕ್ಕೆ ಅಡ್ಡಿ ಮಾಡಿಲ್ಲ. ಅಂಥಲ್ಲಿಗೆ ಹೋಗಬಹುದೇ?

ಉತ್ತರ: ಆಸ್ಟ್ರೇಲಿಯಾದ ಮಧ್ಯದಲ್ಲಿರುವ ಉಲುರು ಬಂಡೆ ಅನಂಗು ಜನರಿಗೆ ಪೂಜ್ಯ. 1985ರ ಅಕ್ಟೋಬರ್ 26ರಂದು ಆ ನೆಲದ ಒಡೆತನ ಅವರಿಗೆ ಹಿಂದಿರುಗಿತು, ಆದರೆ ಹತ್ತುವುದು ನಿಲ್ಲಲಿಲ್ಲ. ಬಂಡೆಯ ಬುಡದಲ್ಲಿ, ಹತ್ತುವ ಜಾಗದಲ್ಲಿಯೇ, ದಯವಿಟ್ಟು ಹತ್ತಬೇಡಿ ಎಂದು ಕೋರುವ ಫಲಕವನ್ನು ಅವರು ಹಾಕಿದ್ದರು. ಅದನ್ನು ಓದಿ ಹಿಂದಿರುಗಿದವರೂ ಇದ್ದರು, ಓದಿಯೂ ಸರಪಳಿ ಹಿಡಿದು ಹತ್ತಿದವರೂ ಇದ್ದರು. ಮೇಲೆ ಶೌಚಾಲಯವಿಲ್ಲದ್ದರಿಂದ ಮಳೆ ಬಂದಾಗ ಹೊಲಸು ಕೆಳಗಿನ ನೀರಿನ ಹೊಂಡಗಳಿಗೆ ಇಳಿಯುತ್ತಿತ್ತು. ಕೊನೆಗೆ 2019ರಲ್ಲಿ, ನೆಲ ಹಿಂದಿರುಗಿದ ಅದೇ ಅಕ್ಟೋಬರ್ 26ರಂದು, ಹತ್ತುವುದನ್ನು ಕಾನೂನಿನಿಂದಲೇ ನಿಲ್ಲಿಸಲಾಯಿತು. ಇನ್ನು ಅವಕಾಶವಿಲ್ಲ ಎಂದು ತಿಳಿದು ಅದರ ಹಿಂದಿನ ದಿನಗಳಲ್ಲಿ ಜನ ಸಾಲುಗಟ್ಟಿ ಹತ್ತಿದರು. ಆ ಸಾಲಿನ ಚಿತ್ರ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾನೂನು ಬರುವವರೆಗೆ ಕಾಯಬೇಡಿ. ಅಲ್ಲಿನವರು ಬೇಡವೆಂದು ಕೇಳಿಕೊಂಡಿದ್ದಾರೆ ಎಂಬುದು ಸಾಕು. ಪೆಸಿಫಿಕ್ ಸಾಗರದ ಪಲಾವ್ ದೇಶ 2017ರ ಡಿಸೆಂಬರ್‌ನಿಂದ ಬರುವ ಪ್ರತಿಯೊಬ್ಬರ ಪಾಸ್‌ಪೋರ್ಟಿನಲ್ಲಿ ಒಂದು ಪ್ರತಿಜ್ಞೆಯ ಮುದ್ರೆ ಒತ್ತುತ್ತದೆ. ದ್ವೀಪವನ್ನು ಕಾಪಾಡುತ್ತೇನೆ ಎಂದು ಅಲ್ಲಿನ ಮಕ್ಕಳಿಗೆ ಕೊಡುವ ಮಾತು ಅದು. ಅದಕ್ಕೆ ಸಹಿ ಹಾಕಿಯೇ ಒಳಗೆ ಹೋಗಬೇಕು. ಬೇರೆ ಯಾವ ಊರಿಗೆ ಹೋಗುವಾಗಲೂ ಅಂಥದ್ದೊಂದಕ್ಕೆ ಸಹಿ ಹಾಕಿದ್ದೇನೆ ಎಂದುಕೊಂಡೇ ನಾನು ಹೊರಡುತ್ತೇನೆ. ಉಲುರುವಿನ ಸುತ್ತ ಸುಮಾರು 10 ಕಿಲೋಮೀಟರ್ ಉದ್ದದ ಕಾಲುದಾರಿ ಈಗಲೂ ಎಲ್ಲರಿಗೂ ತೆರೆದಿದೆ. ದಾರಿಯಲ್ಲಿ ಕೆಲವು ಕಡೆ ಇಲ್ಲಿ ಚಿತ್ರ ತೆಗೆಯಬೇಡಿ ಎಂಬ ಫಲಕಗಳು ಸಿಗುತ್ತವೆ. ಅಲ್ಲಿ ಕ್ಯಾಮೆರಾ ಚೀಲಕ್ಕೆ ಹಾಕಿ, ಕಣ್ಣಿಂದಷ್ಟೇ ನೋಡುತ್ತ ಮುಂದೆ ನಡೆಯಿರಿ.